ಇದೇನು ಧರ್ಮಛತ್ರವೇ?

ಕೆಲಸವಿಲ್ಲದೆ ಮನೆಯಲ್ಲಿ ಬಿದ್ದುಕೊಂಡಿರುವ ಮಗನಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಊಟ ಕೇಳುವ ತಮ್ಮನಿಗೆ ನಮ್ಮ ಮನೆಗಳಲ್ಲಿ ಬೀಳುವ ಬೈಗುಳವೊಂದಿದೆ: “ಇದೇನು ಧರ್ಮಛತ್ರ ಅಂದುಕೊಂಡಿದ್ದೀಯಾ?” ಬೈಯುವವರು ಗಮನಿಸುವುದಿಲ್ಲ, ಆದರೆ ಈ ಮಾತಿನೊಳಗೆ ಒಂದು ಚರಿತ್ರೆ ಅಡಗಿ ಕುಳಿತಿದೆ. ದುಡ್ಡು ಕೊಡದೆ ತಂಗಬಹುದಾದ ಒಂದು ಜಾಗ ಊರಲ್ಲಿತ್ತು, ಅದು ಎಲ್ಲರಿಗೂ ಗೊತ್ತಿತ್ತು ಎಂಬುದಕ್ಕೆ ಈ ಬೈಗುಳವೇ ಸಾಕ್ಷಿ.

ಶಾಲೆಗೆ ರಜೆ ಬಂತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಲೆಕ್ಕಾಚಾರ ಶುರುವಾಗುತ್ತದೆ. ರೈಲಿನ ದರ ಮೊದಲೇ ಗೊತ್ತಿರುವಂಥದ್ದು. ಊಟವನ್ನು ಹೇಗೋ ಹೊಂದಿಸಿಕೊಳ್ಳಬಹುದು. ಒಂದು ಹೊತ್ತು ಬಾಳೆಹಣ್ಣು, ಬ್ರೆಡ್ಡಿನಲ್ಲೇ ಕಳೆದುಹೋಗುತ್ತದೆ. ಕಂಗೆಡಿಸುವುದು ರಾತ್ರಿಯ ಬಾಡಿಗೆ. ಲಾಡ್ಜೋ, ಹೋಂ ಸ್ಟೇಯೋ, ಸರಕಾರಿ ಹೋಟೆಲೋ, ಕ್ಷೇತ್ರದ ವಸತಿಗೃಹವೋ ಅಥವಾ ನಾಚಿಕೆ ಬಿಟ್ಟು ನೆಂಟರ ಮನೆಯೋ? ಐದು ಜನರ ಕುಟುಂಬವೊಂದು ನಾಲ್ಕು ರಾತ್ರಿ ಹೊರಗೆ ಕಳೆಯಬೇಕೆಂದರೆ ಈ ಒಂದು ತೀರ್ಮಾನದಲ್ಲಿ ಪ್ರವಾಸದ ಅರ್ಧ ಖರ್ಚು ನಿರ್ಧಾರವಾಗಿಬಿಡುತ್ತದೆ. ಈ ಚಿಂತೆ ಇಂದು ನಿನ್ನೆಯದಲ್ಲ. ಪ್ರಯಾಣಿಕನ ರಾತ್ರಿಯ ವೆಚ್ಚವನ್ನು ಯಾವ ಕಾಲದಲ್ಲಿ ಯಾರು ಹೊತ್ತರು? ಅಗ್ಗದ ಹಾಸಿಗೆಗಾಗಿ ಹಣದ ಬದಲು ಆತ ಏನನ್ನು ತೆರಬೇಕಾಗುತ್ತಿತ್ತು? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಹಳೆಯ ದಾರಿಗಳಲ್ಲಿ ಸ್ವಲ್ಪ ನಡೆಯೋಣ.

ನಮ್ಮ ಕರಾವಳಿಯಿಂದಲೇ ಆರಂಭಿಸಬಹುದು. 1342ರ ಸುಮಾರಿಗೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರುಗಳ ಮೂಲಕ ದಕ್ಷಿಣಕ್ಕೆ ಸಾಗಿದ. ಗೋವೆಯಿಂದ ಕೊಲ್ಲಂವರೆಗಿನ ಇಡೀ ತೀರವನ್ನು ಆತ ಮಲಬಾರ್ ಎಂದೇ ಕರೆಯುತ್ತಾನೆ. ಈ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದರಂತೆ ಮರದ ಮನೆಗಳಿದ್ದವು, ಅವುಗಳಲ್ಲಿ ದಾರಿಹೋಕರು ಕೂರಲು ಜಗಲಿಗಳಿದ್ದವು ಎಂದು ಅವನು ಬರೆದಿದ್ದಾನೆ. ಮುಸ್ಲಿಮರೂ ಮುಸ್ಲಿಮೇತರರೂ ಅಲ್ಲಿ ವಿಶ್ರಮಿಸಬಹುದಿತ್ತು. ಪ್ರತಿ ಮನೆಯ ಬಳಿ ಒಂದು ಬಾವಿ, ನೀರು ಕೊಡಲು ಒಬ್ಬ ಆಳು. ನೀರಿಗೆ ಕಾಸಿಲ್ಲ. ಆದರೆ ಕೊಡುವ ಕ್ರಮದಲ್ಲಿ ವ್ಯತ್ಯಾಸವಿತ್ತು: ತನ್ನ ಧರ್ಮದವರಿಗೆ ಆತ ಪಾತ್ರೆಯಲ್ಲಿ ಕೊಡುತ್ತಿದ್ದ, ಮುಸ್ಲಿಮರಿಗೆ ಬೊಗಸೆಗೆ ಸುರಿಯುತ್ತಿದ್ದ. ರಾತ್ರಿ ತಂಗಲು ಮುಸ್ಲಿಂ ಪ್ರಯಾಣಿಕರು ಹಾದಿಯುದ್ದಕ್ಕೂ ಇದ್ದ ಮುಸ್ಲಿಮರ ಮನೆಗಳನ್ನು ಆಶ್ರಯಿಸುತ್ತಿದ್ದರು. ಬೇಕಾದ ಸಾಮಾನುಗಳನ್ನು ಅಲ್ಲಿ ಕೊಂಡುಕೊಂಡರೆ ಮನೆಯವರು ಅಡುಗೆ ಮಾಡಿ ಬಡಿಸುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಈ ನಾಡಿನಲ್ಲಿ ಮುಸ್ಲಿಮನೊಬ್ಬ ಪ್ರಯಾಣ ಮಾಡುವಂತೆಯೇ ಇರಲಿಲ್ಲ ಎಂಬುದು ಬತೂತನ ಅಭಿಪ್ರಾಯ.

ಈ ವ್ಯವಸ್ಥೆಯ ಲೆಕ್ಕವನ್ನು ಗಮನಿಸಿ. ಮಾಡು ಸಮುದಾಯದ್ದು, ಅಕ್ಕಿ ಪ್ರಯಾಣಿಕನದ್ದು, ಒಲೆ ಆ ಮನೆಯ ಹೆಂಗಸರದ್ದು. ಇಂದು ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಹೋಂ ಸ್ಟೇ ಎಂದು ಕರೆಯುವುದರ ಮುತ್ತಜ್ಜಿಯಂತೆ ಇದು ಕಾಣುತ್ತದೆ. ಒಂದೇ ವ್ಯತ್ಯಾಸವೆಂದರೆ, ಆಗ ಒಳಗೆ ಬಿಡಿಸಿಕೊಳ್ಳಲು ಹಣಕ್ಕಿಂತ ಮೊದಲು ಹೆಸರು ಬೇಕಾಗಿತ್ತು.

ಇದಾಗಿ ನೂರು ವರ್ಷಗಳ ಬಳಿಕ, 1443ರಲ್ಲಿ, ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ ಅಬ್ದುರ್ರಝಾಕ್ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದ. ಅವನಿಗೆ ಅಲ್ಲಿ ಒಳ್ಳೆಯ ಬಿಡಾರ ಸಿಕ್ಕಿತು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ ನಗದು ಅರಮನೆಯಿಂದ ಬರುತ್ತಿತ್ತು. ಸರಕಾರಿ ಅತಿಥಿಗೆ ಯಾವ ಕಾಲದಲ್ಲೂ ವಸತಿ ದುಬಾರಿಯಾದದ್ದಿಲ್ಲ! ಅದನ್ನು ಬಿಟ್ಟು ಸಾಮಾನ್ಯರತ್ತ ಬರೋಣ.

ಸಾಮಾನ್ಯ ಪ್ರಯಾಣಿಕನ ಬಗ್ಗೆ ದೊಡ್ಡ ಪ್ರಮಾಣದಲ್ಲಿ ಯೋಚಿಸಿದ ದೊರೆಗಳಲ್ಲಿ ಶೇರ್ ಶಾ ಸೂರಿಯ ಹೆಸರು ಮೊದಲು ಬರುತ್ತದೆ. ಅವನು ಆಳಿದ್ದು 1540ರಿಂದ 1545ರವರೆಗೆ ಮಾತ್ರ. ಅಕ್ಬರನ ಕಾಲದಲ್ಲಿ ಅವನ ಚರಿತ್ರೆ ಬರೆದ ಅಬ್ಬಾಸ್ ಖಾನ್ ಸರ್ವಾನಿಯ ಪ್ರಕಾರ ಹೆದ್ದಾರಿಗಳಲ್ಲಿ ಎರಡೆರಡು ಕ್ರೋಶಕ್ಕೊಂದರಂತೆ ಒಟ್ಟು 1700 ಸರಾಯಿಗಳು ಎದ್ದವು. ಸಂಖ್ಯೆಯಲ್ಲಿ ಆಸ್ಥಾನದ ಉತ್ಸಾಹ ಸ್ವಲ್ಪ ಸೇರಿರಬಹುದು, ಆದರೆ ವಿವರಗಳು ಕುತೂಹಲಕರವಾಗಿವೆ. ಹಿಂದೂಗಳಿಗೂ ಮುಸ್ಲಿಮರಿಗೂ ಪ್ರತ್ಯೇಕ ಕೋಣೆಗಳು, ಬಾಗಿಲಲ್ಲಿ ನೀರಿನ ಹಂಡೆ, ಹಿಂದೂ ಪ್ರಯಾಣಿಕರಿಗೆ ಬಿಸಿನೀರು ಕಾಯಿಸಿ ಹಾಸಿಗೆ ಹಾಸಿಕೊಡಲು ಬ್ರಾಹ್ಮಣರು, ಕುದುರೆಗಳಿಗೆ ಧಾನ್ಯ. ಬಂದವನ ಅಂತಸ್ತಿಗೆ ತಕ್ಕಂತೆ ಸರಕಾರದ ಖರ್ಚಿನಲ್ಲಿ ಊಟ. ಇದಕ್ಕೆಲ್ಲ ಹಣ ಎಲ್ಲಿಂದ? ಸುತ್ತಲಿನ ಭೂಮಿಯ ಹುಟ್ಟುವಳಿಯನ್ನು ಸರಾಯಿಗೆ ಬಿಟ್ಟುಕೊಡಲಾಗಿತ್ತು. ಅಂದರೆ ಪ್ರಯಾಣಿಕನ ನಿದ್ರೆಯ ವೆಚ್ಚವನ್ನು ಹೊತ್ತದ್ದು ಪಕ್ಕದ ಹೊಲದಲ್ಲಿ ಉಳುತ್ತಿದ್ದ ರೈತ.

ಮುಸ್ಲಿಂ ಜಗತ್ತಿನ ವಕ್ಫ್ ಸರಾಯಿಗಳು, ನಮ್ಮ ಶಾಸನಗಳಲ್ಲಿ ಕಾಣುವ ಸತ್ರ, ಅರವಟ್ಟಿಗೆಗಳು ಇದೇ ಸೂತ್ರದ ಮೇಲೆ ನಿಂತವು. ಒಬ್ಬ ಹಣವಂತ ಅಥವಾ ದೊರೆ ಜಮೀನು ಇಲ್ಲವೇ ಅಂಗಡಿ ಬರೆದುಕೊಡುತ್ತಾನೆ, ಅದರ ಉತ್ಪನ್ನದಿಂದ ದಾರಿಹೋಕ ಉಣ್ಣುತ್ತಾನೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಊರಲ್ಲಿ ಸ್ಥಿತಿವಂತನಾದರೂ ದಾರಿಯಲ್ಲಿ ಕೈ ಬರಿದಾದವನು ನೆರವಿಗೆ ಅರ್ಹ ಎಂಬುದು ಅದರ ಹಿಂದಿನ ತಿಳಿವಳಿಕೆ. ಆತಿಥ್ಯ ಮೂರು ದಿನ, ಅನಂತರದ್ದು ದಾನ ಎಂಬ ಪ್ರವಾದಿ ವಚನವೂ ಪ್ರಸಿದ್ಧ. ಆತಿಥೇಯನ ಔದಾರ್ಯಕ್ಕೆ ಅದು ಪ್ರೇರಣೆ ಹೇಗೋ, ಅತಿಥಿಗೆ ಎಚ್ಚರಿಕೆಯೂ ಹಾಗೆಯೇ. ನಮ್ಮ ಅನೇಕ ಛತ್ರಗಳ ಗೋಡೆಯ ಮೇಲೂ ‘ಮೂರು ದಿನಕ್ಕಿಂತ ಹೆಚ್ಚು ತಂಗಕೂಡದು’ ಎಂಬ ಬರಹ ಇರುತ್ತಿತ್ತು.

ಎಲ್ಲ ಸರಾಯಿಗಳೂ ಪುಕ್ಕಟೆಯಾಗಿರಲಿಲ್ಲ. ಉತ್ತರದಲ್ಲಿ ಭಟಿಯಾರರೆಂಬ ಸಮುದಾಯವೇ ಸರಾಯಿಗಳಲ್ಲಿ ನೆಲೆಸಿತ್ತು. ಪ್ರಯಾಣಿಕ ತಂದ ಹಿಟ್ಟನ್ನು ರೊಟ್ಟಿ ಮಾಡಿಕೊಟ್ಟು, ಮಂಚ ಒದಗಿಸಿ ಅವರು ಒಂದಿಷ್ಟು ಕಾಸು ಪಡೆಯುತ್ತಿದ್ದರು. ಹಿಟ್ಟು ತಂದವನಿಗೆ ಖರ್ಚು ಕಡಿಮೆ, ಬರಿಗೈಯಲ್ಲಿ ಬಂದವನಿಗೆ ಹೆಚ್ಚು. ಇತ್ತ ದೆಹಲಿಯಲ್ಲಿ ಶಹಜಹಾನನ ಮಗಳು ಜಹಾನಾರಾ ಕಟ್ಟಿಸಿದ ಬೇಗಂ ಸರಾಯಿ ಶ್ರೀಮಂತ ವರ್ತಕರಿಗೆ ಮೀಸಲಾಗಿತ್ತು. ರಾತ್ರಿ ಹೆಬ್ಬಾಗಿಲು ಮುಚ್ಚುವುದರಿಂದ ಸರಕಿಗೆ ಭಯವಿರಲಿಲ್ಲ. ಇಂಥದ್ದು ಪ್ಯಾರಿಸ್ಸಿನಲ್ಲೂ ಇರಬಾರದೇ ಎಂದು ಫ್ರೆಂಚ್ ಪ್ರವಾಸಿ ಬರ್ನಿಯೆ ಆಸೆಪಟ್ಟದ್ದು ಇದನ್ನು ಕಂಡೇ. 1857ರ ದಂಗೆಯ ಬಳಿಕ ಬ್ರಿಟಿಷರು ಅದನ್ನು ಕೆಡವಿದರು. ನಮ್ಮ ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ಮುಸ್ತಫಾ ಖಾನನ ಸರಾಯಿಗೆ ಬೇರೆ ಗತಿ ಒದಗಿತು. ಗಟ್ಟಿ ಗೋಡೆ, ಒಂದೇ ಹೆಬ್ಬಾಗಿಲು, ಸಾಲು ಕೋಣೆ. ಬ್ರಿಟಿಷರು ಅದನ್ನು ಜೈಲು ಮಾಡಿಕೊಂಡರು. ವಾಸ್ತುವಿನಲ್ಲಿ ಹೆಚ್ಚೇನೂ ಬದಲಾಯಿಸಬೇಕಾಗಿ ಬಂದಿರಲಾರದು.

ಬ್ರಿಟಿಷ್ ಸರಕಾರ 1867ರಲ್ಲಿ ಸರಾಯಿ ಕಾಯ್ದೆ ತಂದಿತು. ಸರಾಯಿಗಳನ್ನು ನೋಂದಾಯಿಸಬೇಕು, ಚೊಕ್ಕಟವಾಗಿಡಬೇಕು ಎಂಬುದರ ಜೊತೆಗೆ ದರಪಟ್ಟಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ಹೇಳಿದ ಜಾಗದಲ್ಲಿ, ಹೇಳಿದ ಭಾಷೆಗಳಲ್ಲಿ ತೂಗುಹಾಕಬೇಕು ಎಂಬ ನಿಯಮವೂ ಅದರಲ್ಲಿತ್ತು. ಖರ್ಚು ಹಿಡಿತದಲ್ಲಿರಬೇಕಾದರೆ ಒಳಗೆ ಕಾಲಿಡುವ ಮೊದಲೇ ದರ ತಿಳಿದಿರಬೇಕು. ಮುಖ ನೋಡಿ ಮಣೆ ಹಾಕುವ ಚಾಳಿಗೆ ಅದೊಂದೇ ಮದ್ದು. ನೂರೈವತ್ತು ವರ್ಷಗಳ ಹಿಂದಿನ ಆ ಗೋಡೆಯ ಪಟ್ಟಿಯನ್ನು, ಶನಿವಾರಕ್ಕೊಂದು ಸೋಮವಾರಕ್ಕೊಂದು ದರ ತೋರಿಸುವ ಇಂದಿನ ಮೊಬೈಲ್ ಪರದೆಯ ಪಕ್ಕದಲ್ಲಿಟ್ಟರೆ ನಮಗೆ ಹಳೆಯದೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ.

ತಮ್ಮ ಅಧಿಕಾರಿಗಳಿಗಾಗಿ ಅವರು ಕಟ್ಟಿಕೊಂಡದ್ದು ಡಾಕ್ ಬಂಗಲೆ. ಕೋಣೆಗೆ ಸಾಮಾನ್ಯವಾಗಿ ದಿನಕ್ಕೆ ಒಂದು ರೂಪಾಯಿ. ಖಾನ್‌ಸಾಮನ ಊಟಕ್ಕೆ ಬೇರೆ ಬಿಲ್ಲು. ಹಾಸಿಗೆ ಪ್ರಯಾಣಿಕನೇ ತರಬೇಕು. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಹೊಸಬರು ಬಂದರೆ ಹಳಬರು ಜಾಗ ಬಿಡಬೇಕು. ನಮ್ಮ ಮೈಸೂರು ಸಂಸ್ಥಾನದಲ್ಲಿ ಇಂಥ ಬಂಗಲೆಗಳಿಗೆ ಮೊದಲನೆಯ, ಎರಡನೆಯ, ಮೂರನೆಯ ದರ್ಜೆಗಳಿದ್ದುದು ರೈಸ್ ಅವರ ಗೆಜೆಟಿಯರಿನಲ್ಲಿ ಜಿಲ್ಲೆವಾರು ದಾಖಲಾಗಿದೆ. ನಮ್ಮ ಊರುಗಳ ಟ್ರಾವೆಲರ್ಸ್ ಬಂಗಲೆ, ಐ.ಬಿ., ಪ್ರವಾಸಿ ಮಂದಿರಗಳು ಈ ವಂಶದವು. ಅವುಗಳ ಬಾಡಿಗೆ ಈಗಲೂ ಕಡಿಮೆಯೇ. ಕೋಣೆ ಸಿಗಬೇಕಾದರೆ ಮಾತ್ರ ಸಾಹೇಬರ ಚೀಟಿ ಬೇಕು.

ರೈಲು ಬಂದ ಮೇಲೆ ಸಾಮಾನ್ಯ ಜನ ಗುಂಪುಗುಂಪಾಗಿ ಊರು ಬಿಟ್ಟು ಹೊರಟರು. ನಡೆದು ಹೋಗುವವನಿಗೆ ದಾರಿಯುದ್ದಕ್ಕೂ ತಂಗುದಾಣ ಬೇಕಾಗಿತ್ತು, ರೈಲಿನವನಿಗೆ ಬೇಕಾದದ್ದು ನಿಲ್ದಾಣದ ಎದುರಿಗೆ. ಗುಬ್ಬಿ ತೋಟದಪ್ಪನವರು ಇದನ್ನು ಚೆನ್ನಾಗಿ ಅರಿತಿದ್ದರು. ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಜಾಗ ಕೊಂಡು ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಮೈಸೂರಿನಲ್ಲಿ ನಂಜರಾಜ ಬಹದ್ದೂರ್ ಛತ್ರವಿತ್ತು. ಆಸ್ಪತ್ರೆಗೆ, ಕೋರ್ಟಿಗೆ, ಪರೀಕ್ಷೆಗೆ, ದಸರೆಗೆ ಬಂದ ಹಳ್ಳಿಯವರು ಛತ್ರಗಳಲ್ಲಿ ಚಾಪೆ ಬಿಡಿಸಿದರು. ಹೋಲ್ಡಾಲ್‌ನಲ್ಲಿ ಸುತ್ತಿದ ಹಾಸಿಗೆ, ಕೂಜದಲ್ಲಿ ನೀರು, ಸೀಮೆಎಣ್ಣೆಯ ಸ್ಟೋವ್, ಅಕ್ಕಿ, ಹುಣಸೆಹಣ್ಣು, ಉಪ್ಪಿನಕಾಯಿ ಭರಣಿ. ಇಡೀ ಸಂಸಾರವನ್ನು ಹೊತ್ತು ಹೋಗುವ ಈ ಪ್ರವಾಸವನ್ನು ಇಂದಿನ ಹುಡುಗರು ನೋಡಿ ನಕ್ಕಾರು. ನಗುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅಡುಗೆ ನಾವೇ ಮಾಡಿಕೊಂಡರೆ ಖರ್ಚು ಉಳಿಯಿತು ಎಂದು ಗಂಡಸರು ಲೆಕ್ಕ ಬರೆದರು. ಆ ‘ನಾವು’ ಯಾರು? ಮಕ್ಕಳನ್ನು ಕರೆದುಕೊಂಡು ಅಪ್ಪ ಅರಮನೆ ನೋಡಿ ಬರುವಷ್ಟರಲ್ಲಿ ಛತ್ರದ ಹಿಂಭಾಗದ ಹೊಗೆಯಲ್ಲಿ ಸಾರು ಕುದಿಸುತ್ತಾ ಕೂತವಳು ಅಮ್ಮ. ನೆಂಟರ ಮನೆಯಲ್ಲಿ ಇಳಿದರೂ ಲೆಕ್ಕ ಇದೇ. ಉಳಿತಾಯ ಅತಿಥಿಯದ್ದು, ದುಡಿಮೆ ಆ ಮನೆಯ ಹೆಂಗಸಿನದ್ದು. ಹೊರಡುವಾಗ ಅವಳ ಮಗುವಿನ ಕೈಗಿಡುವ ನೋಟು ಆ ದುಡಿಮೆಯ ಬೆಲೆಯಲ್ಲ. ಕುಟುಂಬದ ರಜೆಯ ಖರ್ಚಿನ ಪುಸ್ತಕದಲ್ಲಿ ಈ ಒಂದು ಬಾಬತ್ತು ಎಂದೂ ಬರೆಯಲ್ಪಟ್ಟಿಲ್ಲ.

ಇನ್ನೂ ಕಹಿಯಾದದ್ದು ಛತ್ರದ ಬಾಗಿಲಲ್ಲಿತ್ತು. ಧರ್ಮದ ಹೆಸರಿನಲ್ಲಿ ಕಟ್ಟಿದ ಅನೇಕ ಛತ್ರಗಳು ಜಾತಿಗೊಂದರಂತೆ ಹಂಚಿಹೋಗಿದ್ದವು. ಯಾವ ಜಾತಿಗೂ ಛತ್ರವಿಲ್ಲದವನು ಎಲ್ಲಿ ಮಲಗಬೇಕು? ಡಾ. ಅಂಬೇಡ್ಕರ್ ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 1901ರಲ್ಲಿ, ಬೇಸಗೆ ರಜೆಯನ್ನು ತಂದೆಯ ಬಳಿ ಕಳೆಯಲೆಂದು ಹೊಸ ಬಟ್ಟೆ ತೊಟ್ಟು ಸಾತಾರದಿಂದ ಹೊರಟ ಮಕ್ಕಳ ಪ್ರಯಾಣ ಅದು. ರಜೆಯ ಸಂಭ್ರಮ ಮಸೂರು ರೈಲು ನಿಲ್ದಾಣದಲ್ಲಿ ಮುಗಿಯಿತು. ಮಹಾರ್ ಮಕ್ಕಳೆಂದು ತಿಳಿದ ಮೇಲೆ ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆಯಬೇಕೆಂಬ ಷರತ್ತಿಗೂ ಒಪ್ಪಿದರು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಮಧ್ಯರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದಾಗ ಬುತ್ತಿಯಲ್ಲಿ ಊಟವಿತ್ತು, ಕುಡಿಯಲು ನೀರಿರಲಿಲ್ಲ. ಗಾಡಿಯವನ ಸಲಹೆಯಂತೆ ಬಾಲಕ ಭೀಮರಾವ್ ಉರ್ದುವಿನಲ್ಲಿ ಮಾತಾಡಿ ತಾವು ಮುಸ್ಲಿಮರೆಂದು ಹೇಳಿಕೊಂಡರೂ ಸುಂಕದವನು ನೀರು ಕೊಡಲಿಲ್ಲ. ಮಕ್ಕಳು ಉಣ್ಣದೆ ಮಲಗಿದರು.

ವಿದೇಶದ ವ್ಯಾಸಂಗದಿಂದ ಮರಳಿ 1917ರಲ್ಲಿ ಬರೋಡಾ ಸಂಸ್ಥಾನದ ಉದ್ಯೋಗಕ್ಕೆ ಬಂದಾಗಲೂ ಕಥೆ ಬದಲಾಗಲಿಲ್ಲ. ಹಿಂದೂ ಹೋಟೆಲಿಗೆ ಹೋಗುವಂತಿಲ್ಲ. ಸಿಕ್ಕಿದ್ದು ಒಂದು ಪಾರ್ಸಿ ವಸತಿಗೃಹ, ಅದು ಪಾರ್ಸಿಗಳಿಗೆ ಮಾತ್ರ. ಗಿರಾಕಿಗಳಿಲ್ಲದ ಮೇಲ್ವಿಚಾರಕ ಒಂದು ಉಪಾಯ ಮಾಡಿದ: ದಿನಕ್ಕೆ ಒಂದೂವರೆ ರೂಪಾಯಿಗೆ ಊಟ, ವಸತಿ, ದಾಖಲೆ ಪುಸ್ತಕದಲ್ಲಿ ಮಾತ್ರ ಪಾರ್ಸಿ ಹೆಸರು. ಹನ್ನೊಂದನೆಯ ದಿನ ಬೆಳಿಗ್ಗೆ ಪಾರ್ಸಿಗಳ ಗುಂಪೊಂದು ದೊಣ್ಣೆಗಳೊಂದಿಗೆ ಬಂದು ಅವರನ್ನು ಹೊರಹಾಕಿತು. ಆ ದಿನ ಊರಿನ ಹಿಂದೂ ಗೆಳೆಯ, ಕ್ರೈಸ್ತ ಗೆಳೆಯ ಇಬ್ಬರೂ ಒಂದೊಂದು ಕಾರಣ ಹೇಳಿ ತಪ್ಪಿಸಿಕೊಂಡರು. ಕೈಯಲ್ಲಿ ಸಂಬಳವಿದ್ದವನಿಗೆ, ಬಾಡಿಗೆ ಕೊಡಲು ಸಿದ್ಧನಿದ್ದವನಿಗೆ ಇಡೀ ಪಟ್ಟಣದಲ್ಲಿ ಒಂದು ಮಂಚ ಸಿಗಲಿಲ್ಲ. ಇದೇ ಬರಹದಲ್ಲಿ 1934ರ ದೌಲತಾಬಾದ್ ಕೋಟೆಯ ಪ್ರಸಂಗವೂ ಇದೆ. ಅಲ್ಲಿ ಕೊಳದ ನೀರು ಮುಟ್ಟಿದರೆಂದು ಈ ಪ್ರವಾಸಿಗಳ ಮೇಲೆ ಕೂಗಾಡಿದವರು ಮುಸ್ಲಿಮರು. ಆ ಪುಟವನ್ನು ನಾವು ಮಡಚಿಟ್ಟು ಮುಂದೆ ಹೋಗುವಂತಿಲ್ಲ.

ಸಂವಿಧಾನದ 15ನೇ ವಿಧಿ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅಂದರೆ ಈಗಿನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಹೋಟೆಲ್, ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನಾ ಎಂಬ ಶಬ್ದಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ ಹೇಳುತ್ತದೆ. ನಾವು ಇಷ್ಟು ಹೊತ್ತು ನಡೆದ ದಾರಿಯೆಲ್ಲ ಆ ಒಂದು ಸಾಲಿನಲ್ಲಿದೆ. ಹಾಗೆಂದು ಕೌಂಟರಿನಲ್ಲಿ ಹೆಸರು ಓದಿ ‘ರೂಮ್ ಖಾಲಿ ಇಲ್ಲ’ ಎನ್ನುವುದನ್ನು ಕಾನೂನು ಪೂರ್ತಿ ನಿಲ್ಲಿಸಿದೆ ಎಂದು ನಂಬುವಷ್ಟು ಮುಗ್ಧರು ಯಾರಿದ್ದಾರೆ?

ಸ್ವಾತಂತ್ರ್ಯಾನಂತರ ಸಂಬಳದಾರರ ರಜೆ ಎಂಬ ಹೊಸ ಪದ್ಧತಿ ಹುಟ್ಟಿತು. ಕೇಂದ್ರ ಸರಕಾರಿ ನೌಕರರಿಗೆ 1956ರಲ್ಲಿ ಬಂದ ರಜಾ ಪ್ರಯಾಣ ರಿಯಾಯಿತಿ ಟಿಕೆಟ್ಟಿನ ಹಣ ಕೊಡುತ್ತದೆ, ವಸತಿಯ ಹಣ ಕೊಡುವುದಿಲ್ಲ. ಗುಮಾಸ್ತನ ಕುಟುಂಬವನ್ನು ಸರಕಾರ ಆಗ್ರಾದವರೆಗೆ ಮುಟ್ಟಿಸಿ ನಿಲ್ದಾಣದಲ್ಲಿ ಕೈಬಿಟ್ಟಿತು ಎನ್ನಬಹುದು! ಅಲ್ಲಿಂದ ಮುಂದಿನದ್ದು ಅವನ ಜಾಣ್ಮೆ. ರಾತ್ರಿ ರೈಲು ಹಿಡಿದರೆ ಟಿಕೆಟ್ಟೇ ಹಾಸಿಗೆಯಾಗುತ್ತದೆ, ಒಂದು ದಿನದ ಬಾಡಿಗೆ ಉಳಿಯುತ್ತದೆ. ನಿಲ್ದಾಣದ ರಿಟೈರಿಂಗ್ ರೂಮಿನಲ್ಲಿ ಸ್ನಾನ ಮುಗಿಸಿ ಊರು ನೋಡಿ ಸಂಜೆ ಮುಂದಿನ ಊರಿಗೆ ಹೊರಡಬಹುದು. 1971ರಲ್ಲಿ ಸ್ಥಾಪನೆಯಾದ ರಾಜ್ಯ ಪ್ರವಾಸೋದ್ಯಮ ನಿಗಮದ ‘ಮಯೂರ’ ಹೋಟೆಲುಗಳು ಲಾಡ್ಜಿನ ಭಯವಿದ್ದ ಕುಟುಂಬಸ್ಥರಿಗೆ ಒಂದು ಧೈರ್ಯ ಕೊಟ್ಟವು.

ರಜೆಯಲ್ಲದ, ಆದರೆ ಸಾಮಾನ್ಯ ಮುಸ್ಲಿಂ ಕುಟುಂಬವೊಂದು ಜೀವಮಾನದಲ್ಲಿ ಕೈಗೊಳ್ಳುವ ಅತಿ ದೀರ್ಘ ಪ್ರಯಾಣವಾದ ಹಜ್‌ನಲ್ಲಿ ಈ ವಸತಿ ಲೆಕ್ಕ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಹಡಗಿನ ಕಾಲದಲ್ಲಿ ಹಾಜಿಗಳು ಮುಂಬಯಿಯಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಕ್ರಾಫರ್ಡ್ ಮಾರ್ಕೆಟ್ ಬಳಿಯ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾ ಅಂಥವರ ನೆಲೆಯಾಗಿತ್ತು. 1995ರಲ್ಲಿ ಹಡಗು ನಿಂತಿತು, ಕಾಯುವುದೂ ನಿಂತಿತು. ಮಕ್ಕಾದಲ್ಲಿ ಪ್ರಶ್ನೆ ದೂರದ್ದು. ಹರಮ್‌ಗೆ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ. 2010ರ ದಶಕದಲ್ಲಿ ಹಜ್ ಸಮಿತಿಯ ಯಾತ್ರಿಕರು ಸಮೀಪದ ಗ್ರೀನ್ ವರ್ಗ, ದೂರದ ಅಝೀಝಿಯಾ ವರ್ಗಗಳ ನಡುವೆ ಆರಿಸಿಕೊಳ್ಳಬೇಕಾಗಿತ್ತು. ಗ್ರೀನ್‌ನಲ್ಲಿ ನಡೆದು ಹೋಗಬಹುದು, ಆದರೆ ಬಾಡಿಗೆ ಹೆಚ್ಚು, ಮುಂದೆ ಅಲ್ಲಿ ಅಡುಗೆಗೂ ಅವಕಾಶವಿಲ್ಲವಾಯಿತು. ಅಝೀಝಿಯಾದಲ್ಲಿ ಬಸ್ಸಿಗೆ ಕಾಯಬೇಕು, ಒಲೆ ಮಾತ್ರ ಉಂಟು. ಊರಿಂದ ಅಕ್ಕಿ, ಉಪ್ಪಿನಕಾಯಿ ಹೊತ್ತು ತಂದವರಿಗೆ ಆಯ್ಕೆ ಸುಲಭ.

ಇನ್ನೊಂದು ಮೂರನೆಯ ದಾರಿಯಿದೆ, ಅದೇ ರುಬಾತ್. ಹೈದರಾಬಾದಿನ ನಿಜಾಮರು ಮಕ್ಕಾದಲ್ಲಿ ತಮ್ಮ ಪ್ರಜೆಗಳಿಗಾಗಿ ವಕ್ಫ್ ವಸತಿಗೃಹಗಳನ್ನು ಮಾಡಿಟ್ಟರು. ಅವುಗಳಲ್ಲಿ ಬಾಡಿಗೆಯಿಲ್ಲ. ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು, 1956ರಲ್ಲಿ ಅದರ ನೆಲ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಆದರೂ ಯಾರು ಅರ್ಹರೆಂಬುದನ್ನು ನಿರ್ಧರಿಸುವುದು ಆ ಹಳೆಯ ಗಡಿಯೇ. ತೆಲಂಗಾಣ, ಮರಾಠವಾಡದವರ ಜೊತೆ ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯ ಯಾತ್ರಿಕರ ಹೆಸರುಗಳನ್ನೂ ಚೀಟಿ ಎತ್ತಲು ಪರಿಗಣಿಸಲಾಗಿದೆ. ಧಾರವಾಡದವನಿಗೆ, ಮೈಸೂರಿನವನಿಗೆ ಆ ಅವಕಾಶವಿಲ್ಲ. ನಕಾಶೆಯಿಂದ ಅಳ್ಳಿಹೋದ ರಾಜ್ಯವೊಂದು ಮಕ್ಕಾದ ಕೋಣೆಯ ಬಾಡಿಗೆಯಲ್ಲಿ ಉಳಿದುಕೊಂಡಿರುವುದು ಚರಿತ್ರೆಯ ಒಂದು ವಿಚಿತ್ರ.

ಇಂದಿನ ಸರಕಾರಕ್ಕೂ ಪ್ರಯಾಣಿಕನ ಕೋಣೆಯ ಜೊತೆ ಸಂಬಂಧ ಉಂಟು, ಶೇರ್ ಶಾನದಕ್ಕೆ ತಿರುಗುಮುರುಗಾಗಿ. ದಿನಕ್ಕೆ ಸಾವಿರ ರೂಪಾಯಿವರೆಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇ. 12 ತೆರಿಗೆ ಬಿತ್ತು. ಅಮೃತಸರದ ಸ್ವರ್ಣಮಂದಿರದ ಬಳಿಯ ಸರಾಯಿಗಳಿಗೂ ಇದು ಅನ್ವಯವಾಗುತ್ತದೆಯೇ ಎಂದು ದೊಡ್ಡ ಗದ್ದಲವಾಗಿ, ಧಾರ್ಮಿಕ ಟ್ರಸ್ಟುಗಳ ಅಗ್ಗದ ಕೋಣೆಗಳಿಗೆ ವಿನಾಯಿತಿ ಇದೆಯೆಂದು ಕೇಂದ್ರ ಸ್ಪಷ್ಟನೆ ಕೊಟ್ಟಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ. 5 ಎಂದು ಇಳಿಸಲಾಗಿದೆ. ಬಸ್ ನಿಲ್ದಾಣದ ಪಕ್ಕದ ಬಡ ಲಾಡ್ಜಿಗೂ, ಆ ಮಿತಿಯೊಳಗಿನ ಈಜುಕೊಳದ ರೆಸಾರ್ಟಿಗೂ ಈಗ ಒಂದೇ ದರ.

ಛತ್ರಗಳು ಎಲ್ಲಿ ಹೋದವು? ಬಹಳಷ್ಟು ಎಲ್ಲಿಗೂ ಹೋಗಿಲ್ಲ, ಕೆಲಸ ಬದಲಾಯಿಸಿಕೊಂಡಿವೆ. ಬೆಂಗಳೂರು, ಮೈಸೂರುಗಳಲ್ಲಿ ಇಂದು ಛತ್ರ ಎಂದರೆ ಮದುವೆ ಛತ್ರ. ನಮ್ಮ ಮೊಹಲ್ಲಾಗಳಲ್ಲಿ ಮುಸಾಫಿರ್‌ಖಾನಾಕ್ಕಿಂತ ಶಾದಿ ಮಹಲ್‌ಗಳು ಹೆಚ್ಚು. ದಾರಿಹೋಕನ ಪುಕ್ಕಟೆ ರಾತ್ರಿಗಾಗಿ ಹುಟ್ಟಿದ ಶಬ್ದವೊಂದು ಕುಟುಂಬದ ಅತ್ಯಂತ ದುಬಾರಿ ಹಗಲಿಗೆ ಅಂಟಿಕೊಂಡಿದೆ. ದೂರದ ಊರಿಂದ ಮದುವೆಗೆ ಬಂದ ನೆಂಟರಿಗೆ ಮಾತ್ರ ಅಲ್ಲಿ ಒಂದು ರಾತ್ರಿಯ ಮಟ್ಟಿಗೆ ಜಮಖಾನ ಹಾಸಿಕೊಡುತ್ತಾರೆ. ಮರುದಿನದ ಮದುವೆಯವರು ಬರುವುದರೊಳಗೆ ಅವರೂ ಎದ್ದು ಹೊರಡಬೇಕು.